ಡಾಮ್‌ಜಡ್ಜ್ ವಿಮರ್ಶೆ: ಕಲಬುರಗಿ ಕಡೆಯ ಕಾಲೇಜು ಲ್ಯಾಬಿಗೆ ತರಲು ಎಷ್ಟು ಕೈ ಬೇಕು?

ಕೋಡಿಂಗ್ ಸ್ಪರ್ಧೆ ನಡೆಸಿ, ಹುಡುಗರ ಕೋಡನ್ನು ತಾನೇ ಓಡಿಸಿ ತಿದ್ದುವ ಡಾಮ್‌ಜಡ್ಜ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಲೈಸೆನ್ಸ್ ಕೀ ಇಲ್ಲ, ತಂಡಕ್ಕೆ ಇಷ್ಟು ಎಂಬ ಶುಲ್ಕ ಇಲ್ಲ, ಮೂಲ ಕೋಡ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಅಡಿ ಪೂರಾ ತೆರೆದಿಟ್ಟದ್ದು. ಖರ್ಚು ಬೀಳುವುದು ಆಳಿನ ಲೆಕ್ಕದಲ್ಲಿ. ಟೆಕ್ ಫೆಸ್ಟ್‌ಗೆ ತಿಂಗಳಿದ್ದಾಗ ಕಾಲೇಜಿನ ವಾಟ್ಸಾಪ್ ಗುಂಪಿಗೆ ‘ಕೋಡಿಂಗ್ ಸ್ಪರ್ಧೆಯ ಸಾಫ್ಟ್‌ವೇರ್ ನಮ್ಮ ಲ್ಯಾಬಿಗೆ ಪೋರ್ಟ್ ಮಾಡಲು ವಾಲಂಟಿಯರ್ ಬೇಕು’ ಎಂಬ ಸಂದೇಶ ಬೀಳುತ್ತದೆ. ಹೆಬ್ಬೆರಳು ಎತ್ತುವವರು ನಲವತ್ತು ಮಂದಿ, ಶನಿವಾರ ಲ್ಯಾಬಿಗೆ ಬರುವವರು ಇಬ್ಬರು. ಆ ಇಬ್ಬರಿಗೂ ಏನನ್ನು ಎಲ್ಲಿಂದ ಎಲ್ಲಿಗೆ ಪೋರ್ಟ್ ಮಾಡಬೇಕೆಂದು, ಅಂದರೆ ಯಾವ ವ್ಯವಸ್ಥೆಗೆ ಹೊಂದುವಂತೆ ತಿರುಗಿಸಬೇಕೆಂದು, ಯಾರೂ ಹೇಳಿರುವುದಿಲ್ಲ. ಹಾಗಾಗಿ ಇಲ್ಲಿ ಸಾಫ್ಟ್‌ವೇರಿನ ಗುಣದೋಷದ ಜೊತೆಗೆ, ಬಂದ ಸ್ವಯಂಸೇವಕರನ್ನು ಯಾವ ಕೆಲಸಕ್ಕೆ ಹಚ್ಚಬೇಕು, ಯಾವುದಕ್ಕೆ ಬಿಲ್‌ಕುಲ್ ಹಚ್ಚಬಾರದು ಎಂಬುದನ್ನೂ ಹೇಳಿದ್ದೇವೆ.

ನೆದರ್ಲೆಂಡ್ಸ್‌ನ ಯೂಟ್ರೆಕ್ಟ್‌ನ ವಿದ್ಯಾರ್ಥಿ ಸಂಘದವರು 2004ರ ಹೊತ್ತಿಗೆ ತಮ್ಮ ಸ್ಪರ್ಧೆಗೆಂದು ಬರೆದುಕೊಂಡ ಸಾಫ್ಟ್‌ವೇರ್ ಇದು. ಹೆಸರು ಆ ಊರಿನ ಡಾಮ್ ಗೋಪುರದ್ದು. ಹುಟ್ಟಿನಿಂದಲೇ ಐಸಿಪಿಸಿ ಎಂಬ ಅಂತರರಾಷ್ಟ್ರೀಯ ಕಾಲೇಜು ಪ್ರೋಗ್ರಾಮಿಂಗ್ ಸ್ಪರ್ಧೆಯ ಕಟ್ಟಳೆಗೆ ಹೊಂದಿಸಿದ್ದು: ಮೂವರ ತಂಡ, ತಂಡಕ್ಕೆ ಒಂದೇ ಕಂಪ್ಯೂಟರ್, 5 ತಾಸು. ಹೆಚ್ಚು ಲೆಕ್ಕ ಬಿಡಿಸಿದವರು ಮೇಲೆ. ಸಮ ಬಂದರೆ ಕಡಿಮೆ ಸಮಯ ತೆಗೆದುಕೊಂಡವರು ಮೇಲೆ. ಬಿಡಿಸಿದ ಲೆಕ್ಕಕ್ಕೆ ಮೊದಲು ಕೊಟ್ಟ ಒಂದೊಂದು ತಪ್ಪು ಉತ್ತರಕ್ಕೂ 20 ನಿಮಿಷ ದಂಡ. ಕಾಲೇಜು ಮಟ್ಟಕ್ಕೆ 3 ತಾಸು, 6 ಲೆಕ್ಕ ಧಾರಾಳವಾಯಿತು. ಅಂಕಪಟ್ಟಿಯನ್ನು ಕೊನೆಯ 30–45 ನಿಮಿಷ ಫ್ರೀಜ್ ಮಾಡುವ ಸೌಲಭ್ಯ, ಪ್ರಶ್ನೆ ಕೇಳಲು ಸ್ಪಷ್ಟೀಕರಣದ ಪುಟ, ಲೆಕ್ಕ ಬಿಡಿಸಿದ ಯಾವ ತಂಡಕ್ಕೆ ಯಾವ ಬಣ್ಣದ ಬಲೂನ್ ಒಯ್ಯಬೇಕೆಂದು ಹೇಳುವ ಪುಟ, ಟೆಸ್ಟ್ ಡೇಟಾ ತಪ್ಪಿದ್ದರೆ ಎಲ್ಲ ಉತ್ತರಗಳನ್ನೂ ಒಟ್ಟಿಗೆ ಮರುಪರೀಕ್ಷಿಸುವ ಗುಂಡಿ, ಎಲ್ಲವೂ ಒಳಗೇ ಇವೆ. ಮರುಪರೀಕ್ಷೆಯ ಗುಂಡಿಯೊಂದಕ್ಕೇ ಇದನ್ನು ಹಾಕಿಕೊಳ್ಳಬಹುದು. ಕೈಯಿಂದ ತಿದ್ದುವ ಸ್ಪರ್ಧೆಯಲ್ಲಿ ಪ್ರಶ್ನೆ ತಪ್ಪೆಂದು ಎರಡನೇ ತಾಸಿನಲ್ಲಿ ಗೊತ್ತಾದರೆ ಆಗುವ ಗಲಾಟೆ ನೋಡಿದವರಿಗೆ ಇದರ ಬೆಲೆ ತಿಳಿದೀತು.

ಒಳಗೆ ಎರಡು ಭಾಗಗಳಿವೆ. ಡಾಮ್‌ಸರ್ವರ್ ಎಂಬುದು ಪಿಎಚ್‌ಪಿಯಲ್ಲಿ ಬರೆದ ವೆಬ್‌ಸೈಟ್, ಹಿಂದೆ ಮರಿಯಾಡಿಬಿ ಡೇಟಾಬೇಸ್. ಹುಡುಗರು ಕೋಡ್ ಸಲ್ಲಿಸುವುದೂ ನೀವು ಅಂಕ ನೋಡುವುದೂ ಇಲ್ಲಿ. ಜಡ್ಜ್‌ಹೋಸ್ಟ್ ಬೇರೆ ಯಂತ್ರದಲ್ಲಿ ಕೂತಿರುತ್ತದೆ: ಸರ್ವರಿನಿಂದ ಒಂದೊಂದೇ ಕೋಡ್ ಎಳೆದುಕೊಂಡು, ಕಂಪೈಲ್ ಮಾಡಿ, ಬೇಲಿ ಹಾಕಿದ ಜಾಗದೊಳಗೆ ಓಡಿಸಿ, ಉತ್ತರ ತಾಳೆ ನೋಡಿ, ಫಲಿತಾಂಶ ಹಿಂದಿರುಗಿಸುತ್ತದೆ. ಆ ಬೇಲಿ ಲಿನಕ್ಸ್ ಕರ್ನೆಲ್ಲಿನದು. ಬೇರೆ ಫೈಲುಗಳು ಕಾಣದಂತೆ ಮಾಡುವ ಸಿಎಚ್‌ರೂಟ್, ಮೆಮೊರಿ ಮುಂತಾದವಕ್ಕೆ ಮಿತಿ ಹಾಕುವ ಸಿಗ್ರೂಪ್ ಎಂಬ ಎರಡು ಸೌಲಭ್ಯ ಇಲ್ಲದೆ ಜಡ್ಜ್‌ಹೋಸ್ಟ್ ಏಳುವುದೇ ಇಲ್ಲ.

ಗೊಂದಲ ಶುರುವಾಗುವುದು ಇಲ್ಲಿಂದಲೇ. ಲ್ಯಾಬಿನಲ್ಲಿರುವುದು ವಿಂಡೋಸ್, ಸಾಫ್ಟ್‌ವೇರ್ ಕೇಳುವುದು ಲಿನಕ್ಸ್, ಆದ್ದರಿಂದ ‘ಪೋರ್ಟ್’ ಮಾಡಬೇಕು ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಹಾಂಗಲ್ರೀ. ತಂಡಗಳ ಕಂಪ್ಯೂಟರಿಗೆ ಬೇಕಾದದ್ದು ಒಂದು ಬ್ರೌಸರ್ ಅಷ್ಟೇ. ವಿಂಡೋಸ್ 7 ಇದ್ದರೂ ನಡೆಯುತ್ತದೆ. ಅದಕ್ಕೆ ಸಿಕ್ಕುವ ಕೊನೆಯ ಕ್ರೋಮ್ ಆವೃತ್ತಿ 109, ಫೈರ್‌ಫಾಕ್ಸ್ ಬೇಕಿದ್ದರೆ 115ರ ದೀರ್ಘಾವಧಿ ಆವೃತ್ತಿ. ಲಿನಕ್ಸ್ ಬೇಕಾದದ್ದು ಬರೇ ಮೂರು ಯಂತ್ರಕ್ಕೆ: ಒಂದು ಸರ್ವರ್, ಎರಡು ಜಡ್ಜ್. 20 ತಂಡಕ್ಕೆ ಒಂದು ಜಡ್ಜ್ ಎಂದು ಲೆಕ್ಕ ಹಿಡಿದರೆ 40 ತಂಡಕ್ಕೆ ಎರಡು ಸಾಕು. ತಂಡ ಹತ್ತೇ ಇದ್ದರೂ ಎರಡಿರಲಿ, ಒಂದು ಮಲಗಿದರೆ ಇನ್ನೊಂದು ಓಡುತ್ತದೆ.

ಇದನ್ನು ಮೊದಲೇ ಹೇಳದಿದ್ದರೆ ಉತ್ಸಾಹಿ ಹುಡುಗರು ಮೂರು ದಾರಿ ಹಿಡಿಯುತ್ತಾರೆ. ಮೊದಲನೆಯವರು ಜಡ್ಜ್‌ಹೋಸ್ಟನ್ನೇ ವಿಂಡೋಸ್‌ಗೆ ತಿರುಗಿಸಲು ಹೋಗುತ್ತಾರೆ. ಎರಡು ವಾರ ಹೋಗುತ್ತದೆ, ಏನೂ ಬರುವುದಿಲ್ಲ. ಎರಡನೆಯವರು ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್‌ನಲ್ಲಿ ಕೂರಿಸುತ್ತಾರೆ. ಎದ್ದರೂ, ವರ್ಚುವಲ್ ಯಂತ್ರದೊಳಗಿನ ಸಮಯದ ಅಳತೆ ಹಿಂದಿನ ವಿಂಡೋಸ್ ಏನು ಮಾಡುತ್ತಿದೆ ಎಂಬುದರ ಮೇಲೆ ಕುಣಿಯುತ್ತದೆ. ಅಪ್‌ಡೇಟ್ ಇಳಿಯುತ್ತಿರುವಾಗ ಸರಿಯಾದ ಕೋಡಿಗೂ ‘ಟೈಮ್ ಲಿಮಿಟ್’ ಬೀಳುತ್ತದೆ. ಮೂರನೆಯವರು ‘ನಾವೇ ಒಂದು ಆನ್‌ಲೈನ್ ಜಡ್ಜ್ ಬರೀತೇವ್ರಿ ಸರ್’ ಅನ್ನುತ್ತಾರೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಒಳ್ಳೆಯದು, ಸ್ಪರ್ಧೆಗೆ ಬೇಡ. ಕೊನೆಯಿಲ್ಲದೆ ಪ್ರಿಂಟ್ ಮಾಡುವ ಒಂದು ಲೂಪ್ ಡಿಸ್ಕ್ ತುಂಬಿಸುತ್ತದೆ, ತನ್ನನ್ನೇ ಮತ್ತೆ ಮತ್ತೆ ಹುಟ್ಟಿಸಿಕೊಳ್ಳುವ ನಾಲ್ಕು ಸಾಲಿನ ಪ್ರೋಗ್ರಾಂ ಯಂತ್ರವನ್ನೇ ಮಲಗಿಸುತ್ತದೆ. ಇವಕ್ಕೆಲ್ಲ ಡಾಮ್‌ಜಡ್ಜ್‌ನಲ್ಲಿ ಮೊದಲೇ ಮಿತಿ ಇದೆ.

ಅಳವಡಿಕೆ

ಮೂರೂ ಯಂತ್ರಕ್ಕೆ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಚಿಂತೆಯಿಲ್ಲ. ಎರಡು ಜಡ್ಜ್ ಯಂತ್ರ ಮಾತ್ರ ಒಂದೇ ಮಾದರಿಯವು, ಒಂದೇ ಪ್ರೊಸೆಸರಿನವು ಇರಲೇಬೇಕು. ಒಂದು ಐ3, ಇನ್ನೊಂದು ಐ7 ಇಟ್ಟರೆ ಒಂದೇ ಕೋಡ್ ಒಂದರಲ್ಲಿ ಪಾಸ್, ಇನ್ನೊಂದರಲ್ಲಿ ಫೇಲ್. ಬಯೋಸ್‌ಗೆ ಹೋಗಿ ಹೈಪರ್‌ಥ್ರೆಡಿಂಗ್, ಟರ್ಬೊ ಬೂಸ್ಟ್ ಎರಡನ್ನೂ ಆರಿಸಿ. ವೇಗ ತುಸು ಕಡಿಮೆಯಾದರೂ ಪ್ರತಿ ಸಲವೂ ಒಂದೇ ಅಳತೆ ಬರುತ್ತದೆ, ನ್ಯಾಯಕ್ಕೆ ಬೇಕಾದದ್ದು ಅದೇ.

ಸಾಫ್ಟ್‌ವೇರನ್ನು ಬೇಕಾದ ಸಾಮಾನಿನ ಸಮೇತ ಡಬ್ಬಿಯಲ್ಲಿ (ಕಂಟೇನರ್) ಓಡಿಸುವ ಡಾಕರ್ ಬಳಸುವುದು ಸಲೀಸು: ಮರಿಯಾಡಿಬಿ, ಡಾಮ್‌ಸರ್ವರ್, ಜಡ್ಜ್‌ಹೋಸ್ಟ್ ಎಂದು ಮೂರು ಬಗೆಯ ಕಂಟೇನರ್. ಕಂಟೇನರ್ ಹುಟ್ಟುವ ಮೂಲ ಫೈಲುಗಳಾದ ಇಮೇಜುಗಳಿಗೆ ಲ್ಯಾಬಿನ ಇಂಟರ್ನೆಟ್ ನಂಬಿ ಕೂರಬೇಡಿ. ಮನೆಯಲ್ಲಿ ಇಳಿಸಿ, ‘ಡಾಕರ್ ಸೇವ್’ ಆಜ್ಞೆಯಿಂದ ಫೈಲ್ ಮಾಡಿ, ಪೆನ್‌ಡ್ರೈವಿನಲ್ಲಿ ತಂದು ‘ಡಾಕರ್ ಲೋಡ್’ ಮಾಡಿ. ಮೊದಲು ಡೇಟಾಬೇಸ್ ಏಳಲಿ, ಆಮೇಲೆ ಸರ್ವರ್, ಕೊನೆಗೆ ಜಡ್ಜ್. ಸರ್ವರ್ ಮೊದಲ ಸಲ ಎದ್ದಾಗ ಎರಡು ಗುಟ್ಟಿನ ಫೈಲ್ ಹುಟ್ಟುತ್ತವೆ: ಅಡ್ಮಿನ್‌ನ ಆರಂಭದ ಪಾಸ್‌ವರ್ಡ್ ಒಂದರಲ್ಲಿ, ಜಡ್ಜ್‌ಹೋಸ್ಟ್ ಸರ್ವರಿನ ಜೊತೆ ಮಾತಾಡುವ ಪಾಸ್‌ವರ್ಡ್ ಇನ್ನೊಂದರಲ್ಲಿ. ಎರಡನೆಯದನ್ನು ಜಡ್ಜ್ ಕಂಟೇನರಿಗೆ ಕೊಡದಿದ್ದರೆ ಅದು ಬಾಗಿಲು ಬಡಿಯುತ್ತಲೇ ಇರುತ್ತದೆ, ಒಳಗೆ ಬಿಡುವವರಿರುವುದಿಲ್ಲ. ಸಮಯವಲಯವನ್ನು ಏಷ್ಯಾ ಕೋಲ್ಕತಾ ಎಂದು ಎಲ್ಲ ಕಂಟೇನರಿಗೂ ಹೇಳಿ. ಮರೆತರೆ ಸ್ಪರ್ಧೆ ತಾಸುಗಟ್ಟಲೆ ಆಚೀಚೆ ಶುರುವಾಗುತ್ತದೆ.

ಹೆಚ್ಚು ಮಂದಿ ಸಿಕ್ಕಿಬೀಳುವುದು ಸಿಗ್ರೂಪಿನಲ್ಲಿ. ಜಡ್ಜ್ ಕಂಟೇನರನ್ನು ಪ್ರಿವಿಲೆಜ್ಡ್ ಆಗಿ, ಅಂದರೆ ಯಂತ್ರದ ಮೇಲೆ ಹೆಚ್ಚಿನ ಅಧಿಕಾರ ಕೊಟ್ಟು, ಓಡಿಸಬೇಕು, ಹೊರಗಿನ ಸಿಗ್ರೂಪ್ ಫೋಲ್ಡರನ್ನು ಒಳಗೆ ತೋರಿಸಬೇಕು. ಇಷ್ಟಾದರೂ ಏಳದಿದ್ದರೆ ಕಾರಣ ಬೂಟ್ ಸಾಲು, ಅಂದರೆ ಯಂತ್ರ ಏಳುವಾಗ ಗ್ರಬ್ ಎಂಬ ಪ್ರೋಗ್ರಾಂ ಕರ್ನೆಲ್ಲಿಗೆ ಕೊಡುವ ಸೂಚನೆ. ಮೆಮೊರಿ ಸಿಗ್ರೂಪನ್ನು ತೆರೆಯುವ ಪದ, ಸ್ವಾಪಿನ ಲೆಕ್ಕವಿಡುವ ಪದ, ಎರಡನ್ನೂ ಗ್ರಬ್ ಫೈಲಿನಲ್ಲಿ ಸೇರಿಸಿ, ಗ್ರಬ್ ಅಪ್‌ಡೇಟ್ ಮಾಡಿ, ಯಂತ್ರ ರೀಬೂಟ್ ಮಾಡಬೇಕು. ಇನ್ನೊಂದು ಕೊಕ್ಕೆಯೂ ಇದೆ: ಉಬುಂಟು 22.04 ಮೂಲತಃ ಸಿಗ್ರೂಪಿನ ಎರಡನೇ ಪೀಳಿಗೆಯನ್ನು ಬಳಸುತ್ತದೆ, ಡಾಮ್‌ಜಡ್ಜ್‌ನ ಹಳೆಯ ಆವೃತ್ತಿಗಳಿಗೆ ಮೊದಲನೆಯದೇ ಬೇಕು. ನೀವು ಇಳಿಸಿದ ಆವೃತ್ತಿಯ ಕೈಪಿಡಿ ಯಾವುದನ್ನು ಕೇಳುತ್ತದೆ ನೋಡಿ. ಹಳೆಯದನ್ನು ಕೇಳಿದರೆ ಹೊಸ ಪೀಳಿಗೆಯನ್ನು ಆರಿಸುವ ಇನ್ನೊಂದು ಪದ ಅದೇ ಸಾಲಿಗೆ ಬೀಳಬೇಕು. ಸರ್ವರ್ ಆವೃತ್ತಿ, ಜಡ್ಜ್ ಆವೃತ್ತಿ ಒಂದೇ ಇರಬೇಕೆಂದು ಬೇರೆ ಹೇಳಬೇಕಿಲ್ಲ.

ಡೇಟಾಬೇಸಿನಲ್ಲಿ ಎರಡು ಸಂಖ್ಯೆ ಏರಿಸಿ: ಏಕಕಾಲದ ಸಂಪರ್ಕಗಳ ಮಿತಿ 1000ಕ್ಕೆ, ಪ್ಯಾಕೆಟ್ ಮಿತಿ ನಿಮ್ಮ ಅತಿ ದೊಡ್ಡ ಟೆಸ್ಟ್ ಫೈಲಿಗಿಂತ ಹೆಚ್ಚಿಗೆ. ಎರಡನೆಯದನ್ನು ಬಿಟ್ಟರೆ ಸಣ್ಣ ಲೆಕ್ಕಗಳೆಲ್ಲ ಏರುತ್ತವೆ, 20 ಎಂಬಿಯ ಟೆಸ್ಟ್ ಇರುವ ಒಂದೇ ಒಂದು ಲೆಕ್ಕ ಅಪ್‌ಲೋಡ್ ಆಗುವುದಿಲ್ಲ, ಯಾಕೆಂದು ತಲೆ ಕೆರೆದುಕೊಳ್ಳುತ್ತೀರಿ.

ಪೋರ್ಟ್ ಮಾಡಬೇಕಾದದ್ದು ಪ್ರಶ್ನೆಗಳನ್ನು

ಸ್ವಯಂಸೇವಕರ ಮುಕ್ಕಾಲು ಪಾಲು ದುಡಿಮೆ ಇಲ್ಲಿಗೆ ಹೋಗಬೇಕು. ಕಾಲೇಜಿನ ಕಪಾಟಿನಲ್ಲಿ ಹತ್ತು ಹದಿನೈದು ವರ್ಷದ ಪ್ರಶ್ನೆಗಳಿರುತ್ತವೆ, ಒಂದಿಷ್ಟು ವರ್ಡ್ ಫೈಲ್, ಒಂದಿಷ್ಟು ಟರ್ಬೊ ಸಿ ಕಾಲದ ಉತ್ತರಗಳು. ಅವನ್ನು ಡಾಮ್‌ಜಡ್ಜ್ ಓದುವ ಪೊಟ್ಟಣವಾಗಿ ಮಾಡಬೇಕು. ಪೊಟ್ಟಣ ಅಂದರೆ ಒಂದು ಜಿಪ್: ವಿವರದ ಯಾಮಲ್ ಫೈಲ್, ಪ್ರಶ್ನೆಯ ಪಿಡಿಎಫ್, ‘ಸ್ಯಾಂಪಲ್’ ಫೋಲ್ಡರಿನಲ್ಲಿ ಹುಡುಗರಿಗೆ ಕಾಣುವ ಉದಾಹರಣೆ, ‘ಸೀಕ್ರೆಟ್’ ಫೋಲ್ಡರಿನಲ್ಲಿ ನಿಜವಾದ ಪರೀಕ್ಷೆ. ಪ್ರತಿ ಪರೀಕ್ಷೆಗೂ ‘ಇನ್’ ಬಾಲದ ಒಂದು ಫೈಲ್, ‘ಆನ್ಸ್’ ಬಾಲದ ಒಂದು ಫೈಲ್, ಹೆಸರು ಎರಡಕ್ಕೂ ಒಂದೇ. ಜೊತೆಗೆ ‘ಸಬ್‌ಮಿಷನ್ಸ್’ ಫೋಲ್ಡರಿನಲ್ಲಿ ಸರಿ ಕೋಡ್, ಬೇಕೆಂದೇ ತಪ್ಪಿಸಿದ ಕೋಡ್, ಬೇಕೆಂದೇ ನಿಧಾನ ಮಾಡಿದ ಕೋಡ್. ಅಪ್‌ಲೋಡ್ ಮಾಡಿದೊಡನೆ ಇವೂ ಓಡುತ್ತವೆ, ನಿರೀಕ್ಷೆಯಂತೆ ಬಂತೋ ಇಲ್ಲವೋ ಎಂದು ಜಡ್ಜ್ ಹೇಳುತ್ತದೆ. ತಪ್ಪು ಕೋಡ್ ಪಾಸಾದರೆ ನಿಮ್ಮ ಟೆಸ್ಟ್ ಜಾಳು ಎಂದು ಅರ್ಥ.

ಹಳೆಯ ಉತ್ತರ ಫೈಲುಗಳನ್ನು ನಂಬಬೇಡಿ. ಟರ್ಬೊ ಸಿಯಲ್ಲಿ ಇಂಟ್ 16 ಬಿಟ್‌ನದು, 32767 ದಾಟಿದರೆ ಮಗುಚುತ್ತದೆ. 8ರ ಫ್ಯಾಕ್ಟೋರಿಯಲ್ 40320 ಅಲ್ಲವೇ, ಅಲ್ಲಿ -25216 ಎಂದು ಬಂದಿರುತ್ತದೆ, ಯಾರೋ ಅದನ್ನೇ ಉತ್ತರವೆಂದು ಉಳಿಸಿರುತ್ತಾರೆ. ಎಲ್ಲ ಉತ್ತರವನ್ನೂ ಲಿನಕ್ಸಿನ ಕಂಪೈಲರ್ ಜಿಸಿಸಿಯಲ್ಲಿ ಹೊಸದಾಗಿ ತೆಗೆಸಿ, ಇಬ್ಬರು ಬೇರೆ ಬೇರೆಯಾಗಿ ಬರೆದ ಎರಡು ಕೋಡಿನಿಂದ ತೆಗೆಸಿ ತಾಳೆ ನೋಡಿ.

ನೋಟ್‌ಪ್ಯಾಡಿನಲ್ಲಿ ಮಾಡಿದ ಇನ್‌ಪುಟ್ ಫೈಲಿನಲ್ಲಿ ಸಾಲಿನ ಕೊನೆಗೆ ವಿಂಡೋಸಿನ ಎರಡು ಅಕ್ಷರ ಕೂತಿರುತ್ತವೆ. ಪೂರ್ಣಾಂಕ ಓದುವ ಕೋಡಿಗೆ ತೊಂದರೆಯಿಲ್ಲ, ಪೈಥಾನಿಗೂ ಇಲ್ಲ. ಸಿ ಪ್ಲಸ್ ಪ್ಲಸ್‌ನ ಗೆಟ್‌ಲೈನ್ ಬಳಸಿದವರಿಗೆ ಮಾತ್ರ ಕಾಣದ ಒಂದು ಅಕ್ಷರ ಜಾಸ್ತಿ ಬಂದು, ಪ್ಯಾಲಿಂಡ್ರೋಮ್‌ನಂಥ ಲೆಕ್ಕದಲ್ಲಿ ಎಲ್ಲವೂ ತಪ್ಪಾಗುತ್ತದೆ. ಹಳೆಯ ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಎಂದು ಉಳಿಸಿದ್ದರೆ ಫೈಲಿನ ತಲೆಗೆ ಬಿಒಎಂ ಎಂಬ ಕಾಣದ ಮೂರು ಬೈಟ್‌ಗಳ ಗುರುತು ಅಂಟಿರುತ್ತದೆ. ಮೊದಲ ಸಂಖ್ಯೆಯೇ ಓದಲು ಬಾರದು. ಎಲ್ಲ ಫೈಲುಗಳ ಮೇಲೂ ‘ಡಾಸ್ ಟು ಯುನಿಕ್ಸ್’ ಎಂಬ ಆಜ್ಞೆ ಓಡಿಸಿದರೆ ಎರಡೂ ಪೀಡೆ ಹೋಗುತ್ತವೆ.

ಉತ್ತರ ಒಂದಕ್ಕಿಂತ ಹೆಚ್ಚು ಇರಬಹುದಾದ ಲೆಕ್ಕಕ್ಕೆ ಚೆಕರ್, ಅಂದರೆ ಉತ್ತರ ಸರಿಯೋ ತಪ್ಪೋ ಎಂದು ನೋಡುವ ಪುಟ್ಟ ಪ್ರೋಗ್ರಾಂ, ಬೇಕು. ಕೋಡ್‌ಫೋರ್ಸಸ್ ಎಂಬ ಸ್ಪರ್ಧಾ ಜಾಲತಾಣದ ಅಭ್ಯಾಸ ಇರುವ ಹುಡುಗರು ಅಲ್ಲಿ ಬಳಸುವ ಟೆಸ್ಟ್‌ಲಿಬ್ ಲೈಬ್ರರಿಯಲ್ಲಿ ಬರೆದು ತರುತ್ತಾರೆ, ನೇರ ಹಾಕಿದರೆ ಕೆಲಸ ಮಾಡುವುದಿಲ್ಲ. ಟೆಸ್ಟ್‌ಲಿಬ್ ಚೆಕರ್ ಮೂರು ಫೈಲ್ ಕೇಳುತ್ತದೆ: ಇನ್‌ಪುಟ್, ತಂಡದ ಉತ್ತರ, ನಮ್ಮ ಉತ್ತರ, ಇದೇ ಕ್ರಮ, ಸರಿಯಿದ್ದರೆ 0, ತಪ್ಪಿದ್ದರೆ 1, ರೂಪ ಕೆಟ್ಟಿದ್ದರೆ 2, ಚೆಕರ್ ತಾನೇ ಬಿದ್ದರೆ 3 ಹಿಂದಿರುಗಿಸುತ್ತದೆ. ಡಾಮ್‌ಜಡ್ಜ್ ಕೊಡುವುದು ಇನ್‌ಪುಟ್, ನಮ್ಮ ಉತ್ತರ, ಟಿಪ್ಪಣಿ ಬರೆಯುವ ಫೋಲ್ಡರ್. ತಂಡದ ಉತ್ತರ ಬರುವುದು ಸ್ಟ್ಯಾಂಡರ್ಡ್ ಇನ್‌ಪುಟ್ಟಿನಿಂದ. ಸರಿಗೆ 42, ತಪ್ಪಿಗೆ 43. ನಡುವೆ ಹತ್ತು ಸಾಲಿನ ಶೆಲ್ ಸ್ಕ್ರಿಪ್ಟ್ ಇಟ್ಟರಾಯಿತು: ಬಂದದ್ದನ್ನು ಆ ಫೋಲ್ಡರಿನೊಳಗೆ ಫೈಲಾಗಿ ಉಳಿಸಿ, ಚೆಕರನ್ನು ಅದರ ಕ್ರಮದಲ್ಲಿ ಕರೆದು, 0 ಬಂದರೆ 42, 1 ಅಥವಾ 2 ಬಂದರೆ 43. 3 ಬಂದರೆ 43 ಮಾಡಬೇಡಿ, ಹಾಗೇ ಬಿಡಿ. ಜಡ್ಜ್ ದೋಷವೆಂದು ಕೆಂಪಗೆ ತೋರಿಸಲಿ, ಇಲ್ಲವಾದರೆ ನಿಮ್ಮ ತಪ್ಪಿಗೆ ತಂಡ 20 ನಿಮಿಷ ತೆರುತ್ತದೆ. ಸಾದಾ ಲೆಕ್ಕಗಳಿಗೆ ಚೆಕರ್ ಬೇಕಿಲ್ಲ. ಮೂಲ ಹೋಲಿಕೆಯು ಖಾಲಿ ಜಾಗದ ವ್ಯತ್ಯಾಸವನ್ನೂ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವನ್ನೂ ಮನ್ನಿಸುತ್ತದೆ. ದಶಮಾಂಶ ಇದ್ದರೆ ಮಾತ್ರ ಯಾಮಲ್ ಫೈಲಿನಲ್ಲಿ ಫ್ಲೋಟ್ ಟಾಲರೆನ್ಸ್, ಅಂದರೆ ಮನ್ನಿಸಬಹುದಾದ ವ್ಯತ್ಯಾಸ, ಎಷ್ಟೆಂದು ಬರೆಯಿರಿ.

ಸಮಯ ಮಿತಿಯನ್ನು ಜಡ್ಜ್ ಯಂತ್ರದಲ್ಲಿ ಅಳೆದೇ ಇಡಿ, ಸ್ವಂತ ಲ್ಯಾಪ್‌ಟಾಪಿನಲ್ಲಿ ಅಲ್ಲ. ನಿಮ್ಮ ಅತಿ ನಿಧಾನದ ಸರಿ ಕೋಡಿಗೆ, ಸಾಮಾನ್ಯವಾಗಿ ಅದು ಜಾವಾದ್ದು, ತಗಲಿದ್ದರ ಎರಡು ಪಟ್ಟು ಇಟ್ಟು ಮೇಲಿನ ಪೂರ್ಣ ಸೆಕೆಂಡಿಗೆ ಏರಿಸಿದರೆ ಜಗಳ ಇರುವುದಿಲ್ಲ. ಪೈಥಾನ್ ಕೋಡ್ ಮೂಲತಃ ಪೈಪೈ ಎಂಬ ವೇಗದ ಪೈಥಾನಿನಲ್ಲಿ ಓಡುತ್ತದೆ. ನಂಪೈ ಲೈಬ್ರರಿ ಇರುವುದಿಲ್ಲ ಎಂದು ನಿಯಮದ ಹಾಳೆಯಲ್ಲೇ ಹಾಕಿ.

ಕನ್ನಡದಲ್ಲೂ ಪ್ರಶ್ನೆ ಕೊಡುವುದಾದರೆ, ಮೊದಲ ವರ್ಷದವರಿಗೂ ಡಿಪ್ಲೊಮಾದಿಂದ ಬಂದವರಿಗೂ ಕೊಡುವುದು ಚಲೋ, ಸಾಫ್ಟ್‌ವೇರ್ ಅಡ್ಡ ಬರುವುದಿಲ್ಲ. ಪುಟಗಳು ಇಂಗ್ಲಿಷಿನಲ್ಲೇ ಇದ್ದರೂ ಪ್ರಶ್ನೆ ಪಿಡಿಎಫ್ ಆಗಿರುವುದರಿಂದ ಯಾವ ಭಾಷೆಯಾದರೂ ನಡೆಯುತ್ತದೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬೆರಳಚ್ಚಾದದ್ದನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಿ. ಪಿಡಿಎಫ್ ಮಾಡಲು ಝೀಲೇಟೆಕ್ ಬಳಸುವವರು ನೋಟೊ ಕನ್ನಡ ಫಾಂಟ್ ಹೆಸರಿನ ಜೊತೆ ಲಿಪಿ ಕನ್ನಡ ಎಂಬ ಆಯ್ಕೆಯನ್ನೂ ಕೊಡಬೇಕು. ಬಿಟ್ಟರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದು ಕೂರುತ್ತದೆ, ‘ಅಕ್ಷರ’ ಎಂಬ ಪದವೇ ಓದಲು ಬಾರದಂತಾಗುತ್ತದೆ.

ಹುಡುಗರ ಕೋಡ್ ಎಡವುವ ಜಾಗ

ಟೆಸ್ಟ್ ರೌಂಡ್ ಒಂದು ತಾಸು ಇಡಲೇಬೇಕು. ಲ್ಯಾಬ್ ಪರೀಕ್ಷೆಯ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ‘ಎಂಟರ್ ದಿ ನಂಬರ್’ ಎಂದು ಪರದೆಗೆ ಬರೆಸಿದರೆ ಆ ಸಾಲೂ ಉತ್ತರದಲ್ಲಿ ಸೇರಿ ‘ರಾಂಗ್ ಆನ್ಸರ್’. ಮೊದಲ ಅರ್ಧ ತಾಸಿನ ತಪ್ಪುಗಳಲ್ಲಿ ಇದರದೇ ಸಿಂಹಪಾಲು. ಕೋನಿಯೊ ಹೆಡರ್, ಕ್ಲಿಯರ್ ಸ್ಕ್ರೀನ್, ಗೆಟ್‌ಚ್ ಇದ್ದರೆ ಕಂಪೈಲೇ ಆಗುವುದಿಲ್ಲ. ಅದಕ್ಕಿಂತ ಕಿರಿಕಿರಿಯದು ಸಿ ಭಾಷೆಯ ‘ವಾಯ್ಡ್ ಮೇನ್’: ಕಂಪೈಲ್ ಆಗುತ್ತದೆ, ಉತ್ತರವೂ ಸರಿ ಬರುತ್ತದೆ, ಆದರೆ ಪ್ರೋಗ್ರಾಂ ಮುಗಿಯುವಾಗ ಸೊನ್ನೆಯ ಬದಲು ಯಾವುದೋ ಸಂಖ್ಯೆ ಹಿಂದಿರುಗಿ ‘ರನ್ ಎರರ್’ ಬೀಳುತ್ತದೆ. ಹುಡುಗ ಉತ್ತರವನ್ನು ಹತ್ತು ಸಲ ನೋಡುತ್ತಾನೆ, ತಪ್ಪು ಸಿಗುವುದಿಲ್ಲ. ವಿಂಡೋಸಿನಲ್ಲಿ ಹೆಡರಿನ ಹೆಸರಿಗೆ ದೊಡ್ಡ ‘ಎಸ್’ ಹಾಕಿದರೂ ನಡೆಯುತ್ತದೆ, ಲಿನಕ್ಸಿನಲ್ಲಿ ಇಲ್ಲ. ಕೋಡ್‌ಬ್ಲಾಕ್ಸ್ 20.03ರ ಜೊತೆ ಬರುವ ಕಂಪೈಲರಿನಲ್ಲಿ ‘ಲಾಂಗ್’ 32 ಬಿಟ್, ಜಡ್ಜ್‌ನಲ್ಲಿ 64. ಲ್ಯಾಬಿನಲ್ಲಿ ತಪ್ಪು ತೋರುವ ಕೋಡ್ ಜಡ್ಜ್‌ನಲ್ಲಿ ಪಾಸಾಗುವ ವಿಚಿತ್ರವೂ ಆಗುತ್ತದೆ. ಎಲ್ಲ ಕಡೆ ‘ಲಾಂಗ್ ಲಾಂಗ್’ ಬಳಸಲು ಹೇಳಿ. ‘ಗೆಟ್ಸ್’ ಬಳಸುವವರಿಗೆ ಜಿಸಿಸಿ 14ರಿಂದ ಎಚ್ಚರಿಕೆಯ ಬದಲು ನೇರ ಎರರ್. ಇಷ್ಟನ್ನೂ ಒಂದು ಹಾಳೆಯಲ್ಲಿ ಅಚ್ಚು ಮಾಡಿ ಪ್ರತಿ ಮೇಜಿಗೆ ಇಡುವುದು ಒಬ್ಬ ಸ್ವಯಂಸೇವಕನ ಒಂದು ಸಂಜೆಯ ಕೆಲಸ.

ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

ಆರು ಮಂದಿ ಸಾಕು. ಲಿನಕ್ಸ್ ಗೊತ್ತಿರುವವರು ಇಬ್ಬರು, ಒಬ್ಬರು ಸರ್ವರಿಗೆ, ಒಬ್ಬರು ಜಡ್ಜ್ ಯಂತ್ರಗಳಿಗೆ. ಪ್ರಶ್ನೆ ಪೊಟ್ಟಣಕ್ಕೆ ಮೂವರು. ಉಳಿದೊಬ್ಬರು ಪ್ರೋಗ್ರಾಮರ್ ಆಗಬೇಕಿಲ್ಲ, ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಬೇಕು: ಬಯೋಸ್ ಪಾಸ್‌ವರ್ಡೂ ಸ್ವಿಚ್ ಇರುವ ಕೋಣೆಯ ಚಾವಿಯೂ ಅವರ ಹತ್ತಿರವೇ ಇರುತ್ತವೆ. ಅವರನ್ನು ಮೊದಲ ದಿನವೇ ಕರೆಯದೆ ಕೊನೆಯ ದಿನ ‘ಸರ್, ಸ್ವಲ್ಪ ಚಾವಿ ಕೊಡ್ರಿ’ ಎಂದರೆ ಕೆಲಸ ಕೆಡುತ್ತದೆ.

ಕಲಬುರಗಿಯಲ್ಲಿ ಆಳಿಗೆ ಬರವಿಲ್ಲ. ಪಿಡಿಎ ಕಾಲೇಜು, ಶರಣಬಸವ ವಿಶ್ವವಿದ್ಯಾಲಯ, ಗುಲಬರ್ಗಾ ವಿಶ್ವವಿದ್ಯಾಲಯ, ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ. ಬೀದರ ಕಡೆ ಗುರುನಾನಕ್ ದೇವ್ ಕಾಲೇಜು, ಭಾಲ್ಕಿಯ ಭೀಮಣ್ಣ ಖಂಡ್ರೆ ಸಂಸ್ಥೆ. ಎರಡು ಕಾಲೇಜು ಸೇರಿ ಒಂದೇ ಅಳವಡಿಕೆ ಮಾಡಿಕೊಂಡು, ಇವರ ಸ್ಪರ್ಧೆಗೆ ಅವರು ಪ್ರಶ್ನೆ ಮಾಡಿಕೊಟ್ಟರೆ ಇನ್ನೂ ಒಂದು ಲಾಭ: ಪ್ರಶ್ನೆ ಸೋರಿತು ಎಂಬ ಗುಮಾನಿ ಇರುವುದಿಲ್ಲ. ತಮ್ಮ ಕಾಲೇಜಿನ ಹುಡುಗರು ಮಾಡಿದ ಪ್ರಶ್ನೆಗೆ ಅವರ ರೂಮ್‌ಮೇಟ್‌ಗಳೇ ಸ್ಪರ್ಧಿಗಳಾದಾಗ ಆ ಗುಮಾನಿ ಏಳದೇ ಇರದು. ಹೈದರಾಬಾದ್, ಬೆಂಗಳೂರು ಸೇರಿದ ಹಳೆಯ ವಿದ್ಯಾರ್ಥಿಗಳು ಪೊಟ್ಟಣದ ಕೆಲಸಕ್ಕೆ ಹೇಳಿ ಮಾಡಿಸಿದವರು, ಊರಿಗೆ ಬರಬೇಕೆಂದೂ ಇಲ್ಲ. ಖಾಸಗಿ ಗಿಟ್ ರೆಪೊ ಒಂದಿದ್ದರೆ ಆಯಿತು. ಜಡ್ಜ್ ಯಂತ್ರದ ಕೆಲಸವನ್ನು ಮಾತ್ರ ದೂರದಿಂದ ಮಾಡಿಸಬೇಡಿ. ಬೂಟ್ ಸಾಲು ತಪ್ಪಿ ಯಂತ್ರ ಏಳದಿದ್ದರೆ ಬೆಂಗಳೂರಿನಿಂದ ಯಾರೂ ಪವರ್ ಗುಂಡಿ ಒತ್ತಲಾರರು.

ಕೇಳುವ ರೀತಿ ಹೀಗಿರಲಿ: ‘ಐದು ಹಳೆಯ ಪ್ರಶ್ನೆಗಳನ್ನು ಡಾಮ್‌ಜಡ್ಜ್ ಪೊಟ್ಟಣ ಮಾಡಬೇಕು. ಒಂದಕ್ಕೆ ಸುಮಾರು 4 ತಾಸು. ಸಿ ಪ್ಲಸ್ ಪ್ಲಸ್ ಮತ್ತು ಇನ್ನೊಂದು ಭಾಷೆ ಗೊತ್ತಿರಬೇಕು. ಮಾದರಿ ಪೊಟ್ಟಣ ಇಲ್ಲಿದೆ. 20ನೇ ತಾರೀಖಿನೊಳಗೆ ಬೇಕು. ಸ್ಪರ್ಧೆಗೆ ನೀವು ಕೂರುವಂತಿಲ್ಲ.’ ಕೊನೆಯ ವಾಕ್ಯವನ್ನು ಮೊದಲೇ ಹೇಳದಿದ್ದರೆ ಒಳ್ಳೆಯ ಕೋಡರ್ ಕಡೆಗಳಿಗೆಯಲ್ಲಿ ಸ್ಪರ್ಧಿಯಾಗಲು ಕೈ ಕೊಡುತ್ತಾನೆ. ಬಂದವರಿಗೆ ಸಂದರ್ಶನ ಬೇಡ; ಒಂದು ಸುಲಭ ಪ್ರಶ್ನೆ ಕೊಟ್ಟು ಪೊಟ್ಟಣ ಮಾಡಿಸಿ. ಬೇಕೆಂದೇ ತಪ್ಪು ಕೋಡ್ ಬರೆದು, ಅದು ಸಿಕ್ಕಿಬೀಳುವ ಟೆಸ್ಟ್ ಹಾಕಿ ತಂದವನು ನಿಮ್ಮವನು. ಇನ್‌ಪುಟ್ಟಿನ ಸಂಖ್ಯೆ ಎನ್ ಬರೇ 1 ಇದ್ದಾಗಿನ ಟೆಸ್ಟ್ ಮರೆತು ತಂದವನಿಗೆ ಬಲೂನಿನ ಕೆಲಸ ಕೊಡಿ, ಅದಕ್ಕೂ ಜನ ಬೇಕಲ್ಲ. ಆರು ವಾರ ಮೊದಲು ಶುರು ಮಾಡಿ. ಇಂಟರ್ನಲ್ಸ್ ಬರುವ ವಾರವನ್ನು ಆ ಲೆಕ್ಕದಿಂದ ಕಳೆಯಿರಿ.

ಕರೆಂಟ್ ಮತ್ತು ಬಿಸಿಲು

ಕೈಪಿಡಿಯಲ್ಲಿ ಇಲ್ಲದ ಅಧ್ಯಾಯ ಇದು. ಲ್ಯಾಬಿನ ಕಂಪ್ಯೂಟರುಗಳಿಗೆಲ್ಲ ಯುಪಿಎಸ್ ಇರುತ್ತದೆ, ಮೂಲೆಯ 24 ಪೋರ್ಟಿನ ನೆಟ್‌ವರ್ಕ್ ಸ್ವಿಚ್ಚಿಗೆ ಇರುವುದಿಲ್ಲ. ಕರೆಂಟ್ ಹೋತಂದ್ರ ಎಲ್ಲ ಪರದೆಯೂ ಉರಿಯುತ್ತಿರುತ್ತದೆ, ಯಾರ ಕೋಡೂ ಸರ್ವರಿಗೆ ಮುಟ್ಟುವುದಿಲ್ಲ. ಸರ್ವರ್, ಎರಡು ಜಡ್ಜ್, ಸ್ವಿಚ್, ಇವಿಷ್ಟನ್ನು ಬೇರೆಯದೇ ಯುಪಿಎಸ್ಸಿಗೆ ಹಾಕಿ, ಸ್ಪರ್ಧೆಯ ಹಿಂದಿನ ದಿನ ಮೇನ್ಸ್ ಎಳೆದು ನಿಜವಾಗಿ ಪರೀಕ್ಷಿಸಿ. ಕಡಿತ ಉದ್ದವಾದರೆ ಸ್ಪರ್ಧೆಯ ಮುಗಿಯುವ ಸಮಯವನ್ನು ಅಡ್ಮಿನ್ ಪುಟದಲ್ಲೇ ಮುಂದೂಡಬಹುದು.

ಮಾರ್ಚ್ ದಾಟಿದ ಮೇಲೆ ಸ್ಪರ್ಧೆ ಇಟ್ಟುಕೊಂಡವರು ಜಡ್ಜ್ ಯಂತ್ರಗಳನ್ನು ಎಸಿ ಕೋಣೆಯಲ್ಲಿಡಿ. ಇಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಹೊಸತಲ್ಲ. ಧೂಳು ಕಟ್ಟಿದ ಫ್ಯಾನಿನ ಹಿಂದೆ ಪ್ರೊಸೆಸರ್ ಕಾದು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಪಾಸಾದ ಕೋಡ್ ಮಧ್ಯಾಹ್ನ ಅದೇ ಯಂತ್ರದಲ್ಲಿ ಸಮಯ ಮೀರಿದರೆ ಮೊದಲು ಮುಟ್ಟಿ ನೋಡಬೇಕಾದದ್ದು ಕ್ಯಾಬಿನೆಟ್ಟನ್ನು. ಫ್ಯಾನ್ ಬಿಚ್ಚಿ ಧೂಳು ಊದಿ, ಥರ್ಮಲ್ ಪೇಸ್ಟ್ ಬದಲಿಸಿ. ಒಂದೇ ಭಾರದ ಕೋಡನ್ನು ಅರ್ಧ ತಾಸು ಸತತ ಓಡಿಸಿ, ಮೊದಲ ಓಟಕ್ಕೂ ಕೊನೆಯ ಓಟಕ್ಕೂ ಶೇ 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಯಂತ್ರ ಬೇಡ.

ಪಿಸಿ ಸ್ಕ್ವೇರ್ ಜೊತೆ ಹೋಲಿಸಿದರೆ

ಎಲ್ಲರಿಗೂ ಡಾಮ್‌ಜಡ್ಜ್ ಬೇಕೆಂದಿಲ್ಲ. ಅಮೆರಿಕದ ಸ್ಯಾಕ್ರಮೆಂಟೊದ ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾಲಯದವರ ಪಿಸಿ ಸ್ಕ್ವೇರ್ ಕೂಡ ಇಂಥದೇ ಉಚಿತ ಸಾಫ್ಟ್‌ವೇರ್, ಐಸಿಪಿಸಿ ವಿಶ್ವ ಫೈನಲ್ಲುಗಳಲ್ಲೇ ವರ್ಷಗಟ್ಟಲೆ ದುಡಿದದ್ದು. ಜಾವಾದಲ್ಲಿ ಬರೆದದ್ದಾದ್ದರಿಂದ ವಿಂಡೋಸಿನಲ್ಲಿ ಹಾಗೇ ಓಡುತ್ತದೆ, ಪೋರ್ಟ್ ಮಾಡುವ ಮಾತೇ ಇಲ್ಲ. ಜಿಪ್ ಬಿಚ್ಚಿ, ಐಎನ್‌ಐ ಫೈಲಿನಲ್ಲಿ ಸರ್ವರಿನ ಐಪಿ ಮತ್ತು 50002 ಎಂಬ ನೆಟ್‌ವರ್ಕ್ ಪೋರ್ಟ್ ಸಂಖ್ಯೆ ಬರೆದು, ಫೈರ್‌ವಾಲಿನಲ್ಲಿ ಆ ಪೋರ್ಟ್ ತೆರೆದರೆ ಒಂದು ಮಧ್ಯಾಹ್ನದಲ್ಲಿ ನಿಲ್ಲುತ್ತದೆ. ಹೊಸ ಅಳವಡಿಕೆಯಲ್ಲಿ ಅಡ್ಮಿನ್‌ನ ಹೆಸರೇ ಪಾಸ್‌ವರ್ಡ್ ಆಗಿರುತ್ತದೆ, ಬದಲಿಸಲು ಮರೆಯಬೇಡಿ. ಹುಡುಗರಿಗೆ ಇದು ಗೊತ್ತಿರುತ್ತದೆ.

ಕೊರತೆ ಎರಡು. ತಂಡದ ಕ್ಲೈಂಟ್ ಬಳಸಿದರೆ ಪ್ರತಿ ಕಂಪ್ಯೂಟರಿಗೂ ಜಾವಾ ಬೇಕು. ದೊಡ್ಡದು ಎರಡನೆಯದು: ವಿಂಡೋಸಿನಲ್ಲಿ ಬೇಲಿ ಇಲ್ಲ, ಹುಡುಗರ ಕೋಡ್ ಜಡ್ಜ್ ಕೂತ ಖಾತೆಯ ಅಧಿಕಾರದಲ್ಲೇ ಓಡುತ್ತದೆ. ಫೈಲ್ ಅಳಿಸಬಹುದು, ಉತ್ತರದ ಫೈಲ್ ಓದಬಹುದು. ಜಡ್ಜ್ ಯಂತ್ರಕ್ಕೆ ಅಧಿಕಾರವಿಲ್ಲದ ಬೇರೆ ಖಾತೆ ಮಾಡಿ, ಬೇರೇನನ್ನೂ ಆ ಯಂತ್ರದಲ್ಲಿ ಇಡದೆ ಬಳಸಬೇಕು.

ಹೀಗಾಗಿ ಯಾದಗಿರಿಯ ಡಿಪ್ಲೊಮಾ ಕಾಲೇಜೋ ಬಿಸಿಎ ಕಾಲೇಜೋ 10–12 ತಂಡದ ಸ್ಪರ್ಧೆ ಮಾಡುವುದಿದ್ದು, ಲಿನಕ್ಸ್ ಬಲ್ಲವರು ಒಬ್ಬರೂ ಸಿಗದಿದ್ದರೆ ಪಿಸಿ ಸ್ಕ್ವೇರ್ ಹಾಕಿ. ಅದಕ್ಕೆ 5ರಲ್ಲಿ 3. 20 ತಂಡ ದಾಟಿದರೆ, ಅಥವಾ ಹೊರ ಕಾಲೇಜಿನವರೂ ಬರುವುದಿದ್ದರೆ ಡಾಮ್‌ಜಡ್ಜ್‌ಗೆ ಬೇರೆ ಸಾಟಿಯಿಲ್ಲ. ಅದಕ್ಕೆ 5ರಲ್ಲಿ 4. ಒಂದು ಅಂಕ ಕಡಿದದ್ದು ಸಿಗ್ರೂಪಿಗೆ. ಎದ್ದೇಳದ ಜಡ್ಜ್‌ಹೋಸ್ಟ್ ತನ್ನ ಲಾಗಿನಲ್ಲಿ ಬರೆಯುವ ದೂರು ಹೊಸಬರಿಗೆ ಅರ್ಥವೇ ಆಗುವುದಿಲ್ಲ.

ಸ್ಪರ್ಧೆ ಮುಗಿದ ಸಂಜೆಯೇ ಡೇಟಾಬೇಸಿನ ಪ್ರತಿ, ಎಲ್ಲ ಪೊಟ್ಟಣ, ಡಾಕರ್ ಇಮೇಜಿನ ಫೈಲುಗಳನ್ನು ಎರಡು ಪೆನ್‌ಡ್ರೈವಿಗೆ ಹಾಕಿ, ಒಂದು ವಿಭಾಗದ ಮುಖ್ಯಸ್ಥರ ಕಪಾಟಿಗೆ, ಒಂದು ಮುಂದಿನ ವರ್ಷವೂ ಇರುವ ನಾಲ್ಕನೇ ಸೆಮಿಸ್ಟರಿನ ಹುಡುಗಿಗೋ ಹುಡುಗನಿಗೋ ಕೊಡಿ. ಬೂಟ್ ಸಾಲನ್ನು ಕಾಗದದಲ್ಲಿ ಬರೆದು ಜಡ್ಜ್ ಯಂತ್ರದ ಮೈಗೇ ಅಂಟಿಸಿ. ಕೆಳಗೆ ದಪ್ಪಕ್ಷರದಲ್ಲಿ ‘ರಜೆಯಲ್ಲಿ ಫಾರ್ಮ್ಯಾಟ್ ಮಾಡಬೇಡಿ’ ಎಂದೂ ಬರೆಯಿರಿ.